ಪ್ರಶ್ನೋತ್ತರ: ಮಕ್ಕಳ ಕೈಯಲ್ಲಿ ಮೂರು ರಾಯರ ಹಬ್ಬ

ಮೂರು ರಾಯರೆಂದು ಕರೆಯಲಾಗುವ ಪೂರ್ವದೇಶದ ಜ್ಞಾನಿಗಳು ನಕ್ಷತ್ರದ ಜಾಡು ಹಿಡಿದು ಬಂದು ಬೆತ್ಲೆಹೇಮಿನಲ್ಲಿ ಬಾಲಯೇಸುವನ್ನು ಆರಾಧಿಸಿದ ಘಟನೆಯನ್ನು ನೆನೆಯುವ ಜನವರಿ 6ರ ಹಬ್ಬದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳಿಗೆ ಸಂಬಂಧಿಸಿದವಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನಗೆ ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳಿದ್ದಾರೆ. ಕ್ರಿಸ್‌ಮಸ್ ಮುಗಿದು ಶಾಲೆ ಮತ್ತೆ ಆರಂಭವಾಗುವಷ್ಟರಲ್ಲಿ ಮೂರು ರಾಯರ ಹಬ್ಬ ಬಂದು ಹೋಗಿಬಿಡುತ್ತದೆ. ಕಿರೀಟ, ಒಂಟೆ, ಮಿನುಗುವ ನಕ್ಷತ್ರ ಎಂದು ನೂರಾರು ಕರಕುಶಲ ಮಾದರಿಗಳು ಮೊಬೈಲಿನಲ್ಲಿ ಸಿಗುತ್ತವೆ. ಇವುಗಳಲ್ಲಿ ಯಾವುದನ್ನು ಮಾಡಿಸಿದರೆ ಹಬ್ಬದ ಅರ್ಥವೂ ಮಕ್ಕಳಿಗೆ ತಲುಪುತ್ತದೆ?
— ಗೃಹಿಣಿ, ಮೈಸೂರು

ಉತ್ತರ: ಮಾದರಿಗಳ ಸಂಖ್ಯೆಯನ್ನು ನೋಡಿ ಗಾಬರಿಯಾಗಬೇಡಿ. ಒಂದು ಹಬ್ಬಕ್ಕೆ ಒಂದು ಅಥವಾ ಎರಡು ವಸ್ತುಗಳು ಸಾಕು. ಆದರೆ ಮಗು ಮಾಡಿದ ವಸ್ತುವಿಗೆ ಹಬ್ಬದ ದಿನ ಒಂದು ಕೆಲಸವಿರಬೇಕು. ಅಂಟಿಸಿ, ಬಣ್ಣ ಹಚ್ಚಿ, ಫೋಟೋ ತೆಗೆದು ಕಪಾಟಿನ ಮೇಲಿಟ್ಟ ಕಿರೀಟಕ್ಕಿಂತ, ಪ್ರಾರ್ಥನೆಯ ಹೊತ್ತಿನಲ್ಲಿ ಮಗು ತನ್ನ ಕೈಯಾರೆ ಎತ್ತಿಕೊಂಡು ನಡೆಯುವ ಸೊಟ್ಟಗಿನ ನಕ್ಷತ್ರವೇ ಮೇಲು.

ನಕ್ಷತ್ರದಿಂದಲೇ ಆರಂಭಿಸಬಹುದು. ನಮ್ಮ ಮನೆಗಳ ಮುಂದೆ ತೂಗುಹಾಕುವ ನಕ್ಷತ್ರದ ಗೂಡು ಈಗ ಅಂಗಡಿಯಲ್ಲಿ ಮಡಿಸಿದ ರಟ್ಟಿನ ರೂಪದಲ್ಲಿ ಸಿಗುತ್ತದೆ. ಬಿದಿರಿನ ಕಡ್ಡಿ ಕಟ್ಟಿ ಮಾಡುವ ಹಳೆಯ ಕ್ರಮವನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅದು ಕಷ್ಟದ ಕೆಲಸವೇನಲ್ಲ. ಒಂದೇ ಅಳತೆಯ ಹತ್ತು ತೆಳುವಾದ ಬಿದಿರಿನ ಸೀಳುಗಳನ್ನು ತೆಗೆದುಕೊಳ್ಳಿ. ಎರಡು ಅಡಿ ಉದ್ದವಿದ್ದರೆ ಚೆನ್ನ. ಐದೈದು ಸೀಳುಗಳನ್ನು ಒಂದರ ಮೇಲೊಂದು ಹಾಯಿಸಿ, ತುದಿಗಳನ್ನು ದಾರದಿಂದ ಬಿಗಿದು ಎರಡು ಐದುಮೂಲೆಯ ನಕ್ಷತ್ರಗಳನ್ನು ಮಾಡಿ. ಅವೆರಡನ್ನೂ ಒಂದರ ಮೇಲೊಂದಿಟ್ಟು ಐದು ಹೊರತುದಿಗಳಲ್ಲಿ ಮಾತ್ರ ಕಟ್ಟಿ, ಒಳಗೆ ಕಡ್ಡಿಗಳು ಒಂದನ್ನೊಂದು ಹಾಯುವ ಐದು ಜಾಗಗಳಲ್ಲಿ ಗೇಣಿಗಿಂತ ಸಣ್ಣದಾದ ಐದು ತುಂಡುಗಳನ್ನು ನಡುವೆ ನಿಲ್ಲಿಸಿದರೆ ನಕ್ಷತ್ರ ತಾನಾಗಿಯೇ ಉಬ್ಬಿಕೊಳ್ಳುತ್ತದೆ. ಸಂಕ್ರಾಂತಿಯ ಸಮಯವಾದ್ದರಿಂದ ಗಾಳಿಪಟದ ಕಾಗದ ಸುಲಭವಾಗಿ ಸಿಗುತ್ತದೆ. ಅದನ್ನು ಮೈದಾ ಅಂಟಿನಿಂದ ಅಂಟಿಸಿ. ಗಂಟು ಬಿಗಿಯುವುದು ಮತ್ತು ಬಿದಿರು ಸೀಳುವುದು ದೊಡ್ಡವರ ಕೆಲಸ. ಅಳೆಯುವುದು ಒಂಬತ್ತರ ಮಗುವಿನದು. ಅಂಟು ಹಚ್ಚುವುದು ಐದರ ಮಗುವಿನದು. ಕಾಗದ ಸುಕ್ಕಾದರೆ ಸುಕ್ಕಾಗಲಿ, ನೀವು ಮಾತ್ರ ರಾತ್ರಿ ಎದ್ದು ಕುಳಿತು ಅದನ್ನು ಸರಿಪಡಿಸಬೇಡಿ. ಒಳಗೆ ಮೇಣದಬತ್ತಿಯ ಬದಲು ಸಣ್ಣ ಎಲ್‌ಇಡಿ ದೀಪವಿರಲಿ.

ಹಬ್ಬದ ಸಂಜೆ ಮನೆಯ ದೀಪಗಳನ್ನೆಲ್ಲ ಆರಿಸಿ, ಕಿರಿಯ ಮಗು ಈ ನಕ್ಷತ್ರವನ್ನು ಹಿಡಿದು ಮುಂದೆ ನಡೆಯಲಿ; ಉಳಿದವರು ಬಾಗಿಲಿನಿಂದ ಅಡುಗೆಮನೆ, ಕೋಣೆಗಳನ್ನೆಲ್ಲ ಹಾದು ಗೋದಲಿಯವರೆಗೆ, ಅಂದರೆ ಯೇಸುವಿನ ಜನನದ ದೃಶ್ಯವನ್ನು ಬೊಂಬೆಗಳಲ್ಲಿ ಜೋಡಿಸಿಟ್ಟ ಜಾಗದವರೆಗೆ ಹಿಂಬಾಲಿಸಲಿ. ಅಲ್ಲಿ ಕುಳಿತು ಮತ್ತಾಯನ ಶುಭಸಂದೇಶದ 2ನೆಯ ಅಧ್ಯಾಯದ ಮೊದಲ ಹನ್ನೆರಡು ವಚನಗಳನ್ನು ಹಿರಿಯ ಮಗು ಓದಲಿ. ನಾಲ್ಕೈದು ನಿಮಿಷಕ್ಕೂ ಹೆಚ್ಚಿನ ಓದಲ್ಲ ಅದು.

ಎರಡನೆಯ ಕೆಲಸ ಕ್ರಿಸ್‌ಮಸ್ ದಿನವೇ ಆರಂಭವಾಗಬೇಕು. ಗೋದಲಿಯಲ್ಲಿ ಕುರುಬರ ಜೊತೆಗೆ ಮೂರು ರಾಯರನ್ನೂ ಡಿಸೆಂಬರ್ 24ರ ರಾತ್ರಿಯೇ ನಿಲ್ಲಿಸಿಬಿಡುವುದು ಸಾಮಾನ್ಯ ರೂಢಿ. ಹಾಗೆ ಮಾಡದೆ ಅವರನ್ನು ಮನೆಯ ತೀರಾ ದೂರದ ಮೂಲೆಯಲ್ಲಿ, ಸಾಧ್ಯವಾದರೆ ಮೂಡಣ ದಿಕ್ಕಿನ ಕಿಟಕಿಯ ಕಟ್ಟೆಯ ಮೇಲೆ ಇಡಿ. ದಿನಕ್ಕೊಂದಿಷ್ಟು ದೂರ ಅವರನ್ನು ಮುಂದೆ ಸರಿಸುವ ಹೊಣೆ ಮಕ್ಕಳದಾಗಲಿ. ಅವರು ಟಿವಿಯ ಮೇಲೆ ಹತ್ತಿ ಇಳಿಯಲಿ, ಪುಸ್ತಕದ ಕಪಾಟನ್ನು ದಾಟಲಿ, ಒಂದು ರಾತ್ರಿ ಅಕ್ಕಿ ಡಬ್ಬದ ಹಿಂದೆ ತಂಗಲಿ. ಶಾಲೆ ಆರಂಭವಾದ ಮೇಲೂ ಇದಕ್ಕೆ ಬೇಕಾಗುವುದು ಬೆಳಗಿನ ಅರ್ಧ ನಿಮಿಷ. ಹಬ್ಬವು ಒಂದೇ ದಿನದಲ್ಲಿ ಬಂದು ಹೋಗುತ್ತದೆ ಎಂಬ ನಿಮ್ಮ ಕೊರಗಿಗೆ ಇದಕ್ಕಿಂತ ಸರಳವಾದ ಪರಿಹಾರ ನನಗೆ ತೋಚುವುದಿಲ್ಲ.

ಇನ್ನು ಕಾಣಿಕೆಗಳು. ಮೂರು ಖಾಲಿ ಬೆಂಕಿಪೊಟ್ಟಣಗಳಿಗೆ ಬಣ್ಣದ ಕಾಗದ ಸುತ್ತಿ ಪುಟ್ಟ ಪೆಟ್ಟಿಗೆಗಳನ್ನು ಮಾಡಿಸಿ. ಚಿನ್ನದ ಪೆಟ್ಟಿಗೆಯಲ್ಲಿ ಮಕ್ಕಳು ತಮ್ಮ ಉಳಿತಾಯದಿಂದ ಹಾಕಿದ ನಾಣ್ಯ, ಧೂಪದ ಪೆಟ್ಟಿಗೆಯಲ್ಲಿ ಅವರೇ ಚೀಟಿಯಲ್ಲಿ ಬರೆದ ಪ್ರಾರ್ಥನೆ, ರಕ್ತಬೋಳದ ಪೆಟ್ಟಿಗೆಯಲ್ಲಿ ಕಾಯಿಲೆಯಿಂದಲೋ ದುಃಖದಿಂದಲೋ ಇರುವ ಒಬ್ಬರ ಹೆಸರು ಇರಲಿ. ಮುಂದಿನ ವಾರದೊಳಗೆ ನಾಣ್ಯ ಯಾರಿಗಾದರೂ ತಲುಪಬೇಕು, ಹೆಸರಿನವರನ್ನು ಮಕ್ಕಳು ಹೋಗಿ ಕಾಣಬೇಕು. ಇಷ್ಟು ಆಗದಿದ್ದರೆ ಪೆಟ್ಟಿಗೆ ಮಾಡಿಸುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಧೂಪ ಮತ್ತು ರಕ್ತಬೋಳಗಳನ್ನು ಮಕ್ಕಳಿಗೆ ನಿಜವಾಗಿಯೇ ತೋರಿಸಬಹುದು. ಎರಡೂ ಮರದ ತೊಗಟೆಯನ್ನು ಗೀರಿದಾಗ ಒಸರಿ ಗಟ್ಟಿಯಾಗುವ ಅಂಟು. ಒಮಾನಿನ ಧೋಫಾರ್, ಯೆಮೆನ್, ಸೊಮಾಲಿಯಾ ಕಡೆಯ ಒಣನೆಲದ ಮರಗಳಿಂದ ಬರುವಂಥವು. ಗ್ರಂಥಿಗೆ ಅಂಗಡಿಯಲ್ಲಿ ಹೀರಾಬೋಳ ಎಂದು ಕೇಳಿದರೆ ರಕ್ತಬೋಳ ಸಿಗುತ್ತದೆ. ಕರಿಬೋಳ ಅಥವಾ ಮುಸಂಬರ ಎಂದು ಕೊಡುವುದು ಲೋಳೆಸರದಿಂದ ಮಾಡಿದ ಬೇರೆಯೇ ವಸ್ತು, ಅದು ಬೇಡ. ಮಕ್ಕಳು ಮೂಸಿ ನೋಡಲಿ, ಬಾಯಿಗೆ ಹಾಕಿಕೊಳ್ಳದಿರಲಿ. ಶವಸಂಸ್ಕಾರಕ್ಕೆ ಬಳಸುತ್ತಿದ್ದ ಈ ಕಹಿ ವಸ್ತುವನ್ನು ಒಂದು ಕೂಸಿಗೆ ಏಕೆ ತಂದರು ಎಂದು ಮಗು ಕೇಳಿಯೇ ಕೇಳುತ್ತದೆ. ಆಗ ಯೋವಾನ್ನನ ಶುಭಸಂದೇಶದ 19ನೆಯ ಅಧ್ಯಾಯವನ್ನು ತೆರೆಯಿರಿ. ಯೇಸುವಿನ ಪಾರ್ಥಿವ ಶರೀರಕ್ಕಾಗಿ ನಿಕೊದೇಮನು ತಂದ ಸುಗಂಧದ್ರವ್ಯದಲ್ಲಿ ರಕ್ತಬೋಳವೂ ಇತ್ತು.

ಪ್ರಶ್ನೆ: ನಾನು ನಮ್ಮ ಸಭೆಯ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಬಂದವರು ಮೂರೇ ಜನ ಎಂದು ಎಲ್ಲಿ ಬರೆದಿದೆ, ಅವರು ರಾಜರೇ, ಹೆಸರುಗಳನ್ನು ಯಾರು ಇಟ್ಟರು ಎಂದು ಆರನೆಯ ತರಗತಿಯ ಹುಡುಗನೊಬ್ಬ ಕೇಳಿದ. ಇದಲ್ಲದೆ, ಇದು ಕಥೋಲಿಕರ ಹಬ್ಬ, ನಮ್ಮದಲ್ಲ ಎಂದು ಕೆಲವು ಪೋಷಕರು ಹೇಳುತ್ತಾರೆ. ಏನು ಹೇಳಲಿ?
— ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಹುಡುಗ ಸರಿಯಾಗಿಯೇ ಓದಿದ್ದಾನೆ, ಅವನನ್ನು ಮೆಚ್ಚಿಕೊಳ್ಳಿ. ಮತ್ತಾಯನು ಬಂದವರ ಸಂಖ್ಯೆಯನ್ನು ಹೇಳುವುದಿಲ್ಲ, ಅವರನ್ನು ರಾಜರೆಂದು ಕರೆಯುವುದಿಲ್ಲ, ಹೆಸರು ಕೊಡುವುದಿಲ್ಲ. ಒಂಟೆಯ ಮಾತನ್ನೂ ಎತ್ತುವುದಿಲ್ಲ. ಅವರು ಕೂಸನ್ನು ಕಂಡದ್ದು ಒಂದು ಮನೆಯಲ್ಲಿ ಎಂದು ಬರೆಯುತ್ತಾನೆಯೇ ಹೊರತು ಕೊಟ್ಟಿಗೆಯಲ್ಲಿ ಎಂದಲ್ಲ. ಮೂರು ಕಾಣಿಕೆಗಳಿದ್ದುದರಿಂದ ಮೂವರು ಎಂಬ ಎಣಿಕೆ ಪಶ್ಚಿಮದ ಸಭೆಗಳಲ್ಲಿ ನೆಲೆಯಾಯಿತು. ಸಿರಿಯಾಕ್ ಭಾಷೆಯಲ್ಲಿ ಆರಾಧಿಸುವ ಪೂರ್ವದ ಸಭೆಗಳ ಪರಂಪರೆಯಲ್ಲಿ ಹನ್ನೆರಡು ಮಂದಿ ಬಂದರೆಂಬ ಹೇಳಿಕೆಯೂ ಇದೆ. ರಾಜರು ಕಾಣಿಕೆ ತರುವರೆಂದು ಹಾಡುವ 72ನೆಯ ಕೀರ್ತನೆ, ಒಂಟೆಗಳ ಗುಂಪು ಚಿನ್ನವನ್ನೂ ಧೂಪವನ್ನೂ ಹೊತ್ತು ಬರುವುದನ್ನು ವರ್ಣಿಸುವ ಯೆಶಾಯನ 60ನೆಯ ಅಧ್ಯಾಯ, ಇವೆರಡನ್ನೂ ಮತ್ತಾಯನ ಕಥೆಯೊಂದಿಗೆ ಸೇರಿಸಿ ಓದಿದ ಭಕ್ತರ ಮನಸ್ಸಿನಲ್ಲಿ ಜ್ಞಾನಿಗಳ ತಲೆಗೆ ಕಿರೀಟವೂ ಅವರ ಹಿಂದೆ ಒಂಟೆಗಳೂ ಬಂದವು. ಗಸ್ಪಾರ್, ಮೆಲ್ಕಿಯೋರ್, ಬಲ್ತಜಾರ್ ಎಂಬ ಹೆಸರುಗಳು ಸುಮಾರು 6ನೆಯ ಶತಮಾನದ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ.

ಗ್ರಂಥದಲ್ಲಿರುವುದು ಇಷ್ಟು, ಹಿರಿಯರು ಪ್ರೀತಿಯಿಂದ ಸೇರಿಸಿದ್ದು ಇಷ್ಟು ಎಂದು ಮಕ್ಕಳಿಗೆ ಬಿಡಿಸಿ ಹೇಳುವುದರಿಂದ ಹಬ್ಬದ ಸೊಗಸು ಕಡಿಮೆಯಾಗುವುದಿಲ್ಲ. ಬದಲಿಗೆ, ಮುಂದೆ ಕಾಲೇಜಿನಲ್ಲಿ ಯಾರೋ ಇದೇ ಮಾತನ್ನು ಹಂಗಿಸುವ ಧಾಟಿಯಲ್ಲಿ ಹೇಳಿದಾಗ ಆ ಹುಡುಗ ತಬ್ಬಿಬ್ಬಾಗುವುದಿಲ್ಲ. ತರಗತಿಯಲ್ಲಿ ಇದನ್ನೇ ಕೈಗೆಲಸವಾಗಿಸಬಹುದು. ಒಂದು ದೊಡ್ಡ ಹಾಳೆಯ ಮೇಲೆ ಮಕ್ಕಳು ಇಡೀ ದೃಶ್ಯವನ್ನು ಬರೆಯಲಿ; ಮತ್ತಾಯನಲ್ಲಿರುವ ಸಂಗತಿಗಳಿಗೆ ಮಾತ್ರ ಬಣ್ಣ ತುಂಬಲಿ, ಪರಂಪರೆಯಿಂದ ಬಂದವನ್ನು ಪೆನ್ಸಿಲಿನ ಗೆರೆಯಲ್ಲೇ ಬಿಡಲಿ. ಯಾವುದಕ್ಕೆ ಬಣ್ಣ, ಯಾವುದಕ್ಕೆ ಬೇಡ ಎಂದು ನಿರ್ಧರಿಸುವುದಕ್ಕಾಗಿ ಅವರು ಹನ್ನೆರಡು ವಚನಗಳನ್ನು ನಾಲ್ಕಾರು ಬಾರಿ ಓದಬೇಕಾಗುತ್ತದೆ, ಯಾವ ಬಾಯಿಪಾಠವೂ ಅಷ್ಟು ಓದಿಸಲಾರದು. ಜ್ಞಾನಿಗಳ ಉಡುಪಿನ ವಿಷಯಕ್ಕೆ ಬಂದರೆ, ಇಟಲಿಯ ರವೆನ್ನಾದಲ್ಲಿರುವ ಸಂತ ಅಪೊಲಿನಾರೆಯ ಹೊಸ ಚರ್ಚಿನ ಹಳೆಯ ಕಲ್ಲುಚೂರಿನ ಚಿತ್ರಗಳಲ್ಲಿ ಅವರು ಕಿರೀಟವಿಲ್ಲದೆ, ಪರ್ಷಿಯನ್ನರ ಮುಂಬಾಗಿದ ಟೊಪ್ಪಿಗೆಯನ್ನೂ ಚಿತ್ತಾರದ ಷರಾಯಿಯನ್ನೂ ತೊಟ್ಟು ಓಡುನಡಿಗೆಯಲ್ಲಿ ಬರುತ್ತಾರೆ. ಪ್ರತಿವರ್ಷದ ಚಿನ್ನದ ಕಾಗದದ ಕಿರೀಟದ ಬದಲು ಈ ಬಾರಿ ಕೆಂಪು ಬಟ್ಟೆಯ ಟೊಪ್ಪಿಗೆಯನ್ನು ಹೊಲಿಸಿ ನೋಡಿ.

ಪೋಷಕರ ಆಕ್ಷೇಪಕ್ಕೆ ಉತ್ತರ ಸಣ್ಣದು. ಕ್ರಿಸ್ತನು ಅನ್ಯಜನಾಂಗಗಳಿಗೆ ಪ್ರಕಟವಾದ ದಿನವೆಂದು ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಈ ಹಬ್ಬವನ್ನು ಬಹಳ ಹಿಂದಿನಿಂದಲೇ ಪಟ್ಟಿಮಾಡಿದೆ, ಲೂಥರನ್ನರೂ ಆಚರಿಸುತ್ತಾರೆ, ಆ ಪರಂಪರೆಯ ಭಾಗವನ್ನು ಪಡೆದ ದಕ್ಷಿಣ ಭಾರತ ಸಭೆಯ ಆರಾಧನಾ ಪಂಚಾಂಗದಲ್ಲಿಯೂ ಇದಕ್ಕೆ ಸ್ಥಾನವಿದೆ. ಪ್ರೊಟೆಸ್ಟೆಂಟ್ ಮನೆಗಳಿಗೇ ಸೇರಿದ ಒಂದು ಕರಕುಶಲವೂ ಉಂಟು. ಜರ್ಮನಿಯ ಮೊರಾವಿಯನ್ ಸಭೆಯ ನೀಸ್ಕಿ ಎಂಬ ಊರಿನ ವಸತಿಶಾಲೆಯಲ್ಲಿ 19ನೆಯ ಶತಮಾನದಲ್ಲಿ ರೇಖಾಗಣಿತದ ಪಾಠವಾಗಿ ಹುಟ್ಟಿದ ಹೆರ್ನ್‌ಹೂಟ್ ನಕ್ಷತ್ರವದು. ಹದಿನೆಂಟು ಚೌಕ ಮತ್ತು ಎಂಟು ತ್ರಿಕೋನ ಮುಖಗಳುಳ್ಳ ಘನಾಕೃತಿಯ ಒಂದು ಮುಖವನ್ನು ತೂಗುಹಾಕಲು ಬಿಟ್ಟು, ಉಳಿದ ಇಪ್ಪತ್ತೈದಕ್ಕೆ ಕಾಗದದ ಮೊನೆಗಳನ್ನು ಅಂಟಿಸುತ್ತಾರೆ. ಆರನೆಯ ತರಗತಿಯ ಪ್ರಶ್ನಶೀಲ ಹುಡುಗನಿಗೆ ಇದು ತಕ್ಕ ಕೆಲಸ.

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಕೇರಳದ ಕ್ರೈಸ್ತ ಕುಟುಂಬವೊಂದು ಅದೇ ದಿನಗಳಲ್ಲಿ ಮನೆಯ ಮುಂದೆ ಬಾಳೆದಿಂಡು ನಿಲ್ಲಿಸಿ ದೀಪ ಹಚ್ಚುತ್ತದೆ. ರಾಯರ ಮಾತೇ ಅಲ್ಲಿಲ್ಲ. ಹಬ್ಬ ಒಂದೇ ಆಗಿದ್ದರೆ ಆಚರಣೆ ಇಷ್ಟು ಬೇರೆ ಏಕೆ? ನಮ್ಮ ಮಕ್ಕಳನ್ನೂ ಅದರಲ್ಲಿ ಸೇರಿಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಜನವರಿ 6ರಂದು ಪೂರ್ವದ ಸಭೆಗಳು ಮುಖ್ಯವಾಗಿ ನೆನೆಯುವುದು ಯೊರ್ದಾನ್ ನದಿಯಲ್ಲಿ ಯೇಸು ಪಡೆದ ದೀಕ್ಷಾಸ್ನಾನವನ್ನು. ಜ್ಞಾನಿಗಳ ಭೇಟಿಯಲ್ಲಿ ಯೇಸು ಯಾರೆಂಬುದು ಪರದೇಶದವರಿಗೆ ತಿಳಿಯಿತು; ನದಿಯ ದಂಡೆಯಲ್ಲಿ ಆಕಾಶವಾಣಿಯೇ ಅದನ್ನು ಸಾರಿತು. ಎರಡೂ ಪ್ರಕಟಣೆಯೇ ಆದ್ದರಿಂದ ಹಬ್ಬ ಒಂದೇ, ದೃಶ್ಯ ಬೇರೆ. ಅರ್ಮೇನಿಯದ ಸಭೆಯಂತೂ ಯೇಸುವಿನ ಜನನವನ್ನೂ ದೀಕ್ಷಾಸ್ನಾನವನ್ನೂ ಅದೇ ಜನವರಿ 6ರಂದು ಒಟ್ಟಿಗೆ ಆಚರಿಸುತ್ತದೆ. ಇಥಿಯೋಪಿಯದಲ್ಲಿ ತಿಮ್ಕತ್ ಎಂಬ ಹೆಸರಿನಲ್ಲಿ ಜನವರಿ 19ರ ಸುಮಾರಿಗೆ ನಡೆಯುವ ಜಲೋತ್ಸವವನ್ನು ಯುನೆಸ್ಕೊ 2019ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಈ ಹಬ್ಬಕ್ಕೆ ದನಹ ಎಂದು ಹೆಸರು. ಕೆಲವೆಡೆ ರಾತ್ರಿ ಹೊಳೆಯಲ್ಲಿಯೋ ಕೆರೆಯಲ್ಲಿಯೋ ಮುಳುಗೇಳುವ ರಾಕ್ಕುಳಿ ಎಂಬ ಪದ್ಧತಿಯಿತ್ತು. ತ್ರಿಶೂರ್ ಜಿಲ್ಲೆಯ ಇರಿಂಜಾಲಕುಡದಲ್ಲಿ ಇದು ಪಿಂಡಿ ಪೆರುನ್ನಾಳ್. ಮನೆಮನೆಯ ಮುಂದೆ ಬಾಳೆದಿಂಡು ನೆಟ್ಟು, ಅದರ ಮೈತುಂಬ ದೀಪ ಸಿಕ್ಕಿಸಿ, ಲೋಕದ ಬೆಳಕಾದ ಕ್ರಿಸ್ತನನ್ನು ಕೊಂಡಾಡುತ್ತಾರೆ. ನಿಮ್ಮ ನೆರೆಯವರು ಮಾಡುತ್ತಿರುವುದು ಇದನ್ನೇ.

ಅವರನ್ನು ಕೇಳಿ, ಖಂಡಿತ ಸೇರಿಸಿ. ಮಕ್ಕಳ ಕೈಗೆ ಬಾಳೆದಿಂಡಿಗಿಂತ ಒಗ್ಗುವ ವಸ್ತು ಇನ್ನೊಂದಿರಲಾರದು; ಬಿದಿರಿನ ಕಡ್ಡಿಯನ್ನು ಯಾವ ಬಲಪ್ರಯೋಗವೂ ಇಲ್ಲದೆ ಚುಚ್ಚಬಹುದು, ತಪ್ಪಾದರೆ ಕಿತ್ತು ಬೇರೆಡೆ ಚುಚ್ಚಬಹುದು, ನೀರು ತುಂಬಿದ ದಿಂಡಿಗೆ ಬೆಂಕಿ ತಗಲುವ ಭಯವೂ ಕಡಿಮೆ. ಆದರೂ ಎಣ್ಣೆದೀಪ ಹಚ್ಚುವಾಗ ದೊಡ್ಡವರು ಪಕ್ಕದಲ್ಲಿರಬೇಕು, ಹತ್ತಿಬಟ್ಟೆ ತೊಡಿಸಬೇಕು. ದೀಪ ಹಚ್ಚುವ ಮೊದಲು ನಿಮ್ಮ ಮಕ್ಕಳಿಗೆ ಅವರವರ ದೀಕ್ಷಾಸ್ನಾನದ ದಿನಾಂಕವನ್ನೂ ಜ್ಞಾನತಂದೆ, ಜ್ಞಾನತಾಯಿಯ ಹೆಸರನ್ನೂ ಹೇಳಿ. ಎಷ್ಟೋ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜಿ ಗೋವೆಯ ಕಡೆಯವರು. ಅಲ್ಲಿ ಹುಡುಗರೇ ಕುದುರೆಯೇರಿ ರಾಯರಾಗಿ ಬರುತ್ತಿದ್ದರೆಂದು ಹೇಳುತ್ತಿದ್ದರು. ಅದು ಈಗಲೂ ಇದೆಯೇ?
— ವಿದ್ಯಾರ್ಥಿನಿ, ಕಾರವಾರ

ಉತ್ತರ: ಇದೆ. ಪಣಜಿಯ ಎದುರು, ಮಾಂಡವಿಯ ಆಚೆ ದಂಡೆಯಲ್ಲಿ ರಾಯರ ಹೆಸರಿನಲ್ಲೇ ಇರುವ ರೇಯಿಸ್ ಮಾಗೋಸ್ ಚರ್ಚಿನಲ್ಲಿ, ಚಾಂದೋರಿನಲ್ಲಿ, ಮತ್ತು ದಕ್ಷಿಣ ಗೋವೆಯ ಕಾನ್ಸಾವ್ಲಿಂ ಬಳಿಯ ಗುಡ್ಡದ ಮೇಲಿನ ಪರಿಹಾರ ಮಾತೆಯ ಪ್ರಾರ್ಥನಾಲಯದಲ್ಲಿ ಜನವರಿ 6ರಂದೇ ಈ ಹಬ್ಬ ನಡೆಯುತ್ತದೆ. ಕಾನ್ಸಾವ್ಲಿಂನಲ್ಲಿ ಸುತ್ತಲಿನ ಮೂರು ಹಳ್ಳಿಗಳಿಂದ ಒಬ್ಬೊಬ್ಬ ಬಾಲಕ ರಾಯನಾಗಿ, ಮಖಮಲ್ಲಿನ ನಿಲುವಂಗಿ ತೊಟ್ಟು, ಕುದುರೆಯೇರಿ, ಬೇರೆಬೇರೆ ದಾರಿಗಳಿಂದ ಗುಡ್ಡದ ಮೇಲೆ ಬಂದು ಸೇರುತ್ತಾರೆ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಹೆಚ್ಚಿನವರ ಪೂರ್ವಿಕರು ಗೋವೆಯಿಂದ ಬಂದವರಾದ್ದರಿಂದ ಅಜ್ಜಿಯ ನೆನಪು ನಿಮ್ಮ ಇಡೀ ಸಮುದಾಯದ ನೆನಪೂ ಹೌದು. ಕಾರವಾರದಿಂದ ಒಂದು ದಿನದಲ್ಲಿ ಹೋಗಿ ಬರುವ ದಾರಿ ಅದು; ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ. ಭಾರತದ ಬಹುಪಾಲು ಕಥೋಲಿಕ ಧರ್ಮಕೇಂದ್ರಗಳಲ್ಲಿ ಹಬ್ಬವನ್ನು ಜನವರಿ 2ರಿಂದ 8ರ ನಡುವಿನ ಭಾನುವಾರಕ್ಕೆ ಸರಿಸಿ ಆಚರಿಸುವುದರಿಂದ, ನಿಮ್ಮ ಚರ್ಚಿನ ಬಲಿಪೂಜೆಯೂ ಗೋವೆಯ ಮೆರವಣಿಗೆಯೂ ಎರಡೂ ನಿಮಗೆ ಸಿಗುವ ಸಂಭವವೇ ಹೆಚ್ಚು.

ಪ್ರಶ್ನೆ: ನಾವು ಜರ್ಮನಿಯ ಬವೇರಿಯಾದಲ್ಲಿ ನೆಲೆಸಿರುವ ಕನ್ನಡದ ಕುಟುಂಬ, ಹಿಂದೂಗಳು. ನಮ್ಮ ಹತ್ತು ವರ್ಷದ ಮಗಳಿಗೆ ಶಾಲೆಯ ಗೆಳತಿಯರ ಜೊತೆ ಮನೆಮನೆಗೆ ಹೋಗಿ ನಕ್ಷತ್ರದ ಹಾಡು ಹಾಡಲು ಕರೆ ಬಂದಿದೆ. ಅವರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಏನನ್ನೋ ಬರೆಯುತ್ತಾರಂತೆ. ಕಳುಹಿಸುವುದು ಸರಿಯೇ?
— ತಾಯಿ, ಮ್ಯೂನಿಕ್

ಉತ್ತರ: ಅದೇನೆಂದು ಮೊದಲು ತಿಳಿಯೋಣ. ಮೂವರು ಮಕ್ಕಳು ರಾಯರ ವೇಷದಲ್ಲಿ, ಇನ್ನೊಂದು ಮಗು ಕೋಲಿಗೆ ಕಟ್ಟಿದ ನಕ್ಷತ್ರ ಹಿಡಿದು, ಮನೆಮನೆಯ ಬಾಗಿಲಲ್ಲಿ ಹಾಡಿ, ಬಡ ಮಕ್ಕಳ ನೆರವಿಗಾಗಿ ಹಣ ಸಂಗ್ರಹಿಸುತ್ತಾರೆ. ಈ ಹಳೆಯ ಪದ್ಧತಿಯನ್ನು ಕಥೋಲಿಕ ಸಂಸ್ಥೆಯೊಂದು 1959ರಿಂದ ದೇಶವ್ಯಾಪಿ ನೆರವಿನ ಅಭಿಯಾನವನ್ನಾಗಿ ನಡೆಸುತ್ತಿದ್ದು, ಅಂದಿನಿಂದ ಮಕ್ಕಳು ಕೂಡಿಸಿದ ಮೊತ್ತ ನೂರು ಕೋಟಿ ಯೂರೊಗಳನ್ನು ಮೀರಿದೆ. 2015ರಲ್ಲಿ ಜರ್ಮನಿ ಇದನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಅಲ್ಲಿ ಈ ರಾಯರ ಮೇಲೆ ವಿಶೇಷ ಅಕ್ಕರೆಗೆ ಇನ್ನೊಂದು ಕಾರಣವೂ ಇದೆ: ಅವರದೆಂದು ನಂಬಲಾದ ಅಸ್ಥಿಗಳನ್ನು 1164ರಲ್ಲಿ ಮಿಲಾನಿನಿಂದ ಕಲೋನಿಗೆ ತರಲಾಯಿತು. ಅವುಗಳನ್ನಿಟ್ಟ ಚಿನ್ನದ ಕರಂಡ ಇಂದಿಗೂ ಕಲೋನಿನ ಮಹಾದೇವಾಲಯದಲ್ಲಿದೆ.

ಬಾಗಿಲ ಮೇಲಿನ ಬರಹ ಆಶೀರ್ವಾದದ ಗುರುತು. 2026ರಲ್ಲಾದರೆ 20, ಸಿ, ಎಂ, ಬಿ, 26 ಎಂದು ನಡುನಡುವೆ ಶಿಲುಬೆಯ ಗುರುತಿಟ್ಟು ಬರೆಯುತ್ತಾರೆ. ನಡುವಿನ ಅಕ್ಷರಗಳು ರಾಯರ ಹೆಸರಿನ ಮೊದಲಕ್ಷರಗಳೂ ಹೌದು (ಗಸ್ಪಾರ್ ಹೆಸರನ್ನು ಸಿ ಅಕ್ಷರದಿಂದ ಕಾಸ್ಪರ್ ಎಂದೂ ಬರೆಯುತ್ತಾರೆ), ಕ್ರಿಸ್ತನು ಈ ಮನೆಯನ್ನು ಆಶೀರ್ವದಿಸಲಿ ಎಂಬ ಲ್ಯಾಟಿನ್ ಪ್ರಾರ್ಥನೆಯ ಮೊದಲಕ್ಷರಗಳೂ ಹೌದು.

ಕಳುಹಿಸಬೇಕೆ ಬೇಡವೆ ಎಂಬುದನ್ನು ನೀವೂ ಮಗಳೂ ಕುಳಿತು ತೀರ್ಮಾನಿಸಬೇಕು. ನನ್ನನ್ನು ಕೇಳಿದರೆ, ಕಳುಹಿಸಿ. ಬೇರೆ ದೇಶದ, ಬೇರೆ ನಂಬಿಕೆಯ ಜನರು ದೂರದಿಂದ ಬಂದು ಒಂದು ಮನೆಯ ಬಾಗಿಲು ತಟ್ಟಿದ್ದೇ ಈ ಹಬ್ಬದ ಕಥೆಯಾಗಿರುವಾಗ, ಮೂಡಣದಿಂದ ಹೋದ ಕುಟುಂಬದ ಹುಡುಗಿಯೊಬ್ಬಳು ಆ ಗುಂಪಿನಲ್ಲಿರುವುದು ಅಸಂಗತವೇನಲ್ಲ. ಆದರೆ ಇದು ವೇಷಭೂಷಣದ ಆಟ ಮಾತ್ರವಲ್ಲ, ಕ್ರೈಸ್ತರ ಪ್ರಾರ್ಥನೆ ಎಂಬುದನ್ನು ಅವಳಿಗೆ ಮರೆಮಾಚದೆ ತಿಳಿಸಿ; ಪ್ರಾರ್ಥನೆಯ ಸಾಲುಗಳನ್ನು ಹೇಳುವುದು ಬೇಡವೆನಿಸಿದರೆ ನಕ್ಷತ್ರ ಹಿಡಿಯುವ ಪಾತ್ರವನ್ನು ಕೇಳಿ ಪಡೆಯಬಹುದು. ಹಿಂದೆ ಒಬ್ಬ ರಾಯನಾಗುವ ಮಗುವಿನ ಮುಖಕ್ಕೆ ಕಪ್ಪು ಬಳಿಯುವ ರೂಢಿಯಿತ್ತು. ಈಗ ಸಂಘಟಕರೇ ಅದು ಬೇಡವೆನ್ನುತ್ತಾರೆ, ನಮ್ಮ ಊರುಗಳ ಚರ್ಚಿನ ನಾಟಕಗಳನ್ನು ಆಡಿಸುವವರೂ ಈ ಮಾತನ್ನು ಗಮನಿಸಬೇಕು. ಮಕ್ಕಳು ಅವರವರ ಮೈಬಣ್ಣದಲ್ಲೇ ರಾಯರಾಗಲಿ.

ಇಲ್ಲಿಯ ಕ್ರೈಸ್ತ ಕುಟುಂಬಗಳೂ ಸೀಮೆಸುಣ್ಣದ ಬರಹವನ್ನು ಮಾಡಬಹುದು; ಗುರುಗಳಿಂದ ಸುಣ್ಣಕಡ್ಡಿಯನ್ನು ಮಂತ್ರಿಸಿ ತಂದು ಮಕ್ಕಳ ಕೈಯಿಂದಲೇ ಬರೆಸಿ. ಬಾಡಿಗೆ ಮನೆಯ ಮಾಲೀಕರು ಒಪ್ಪದಿದ್ದರೆ ಬಾಗಿಲ ಪಕ್ಕದಲ್ಲಿ ತೂಗುಹಾಕಿದ ಸ್ಲೇಟು ಸಾಕು.

ಪ್ರಶ್ನೆ: ಅರಸ ಹೆರೋದನು ಬೆತ್ಲೆಹೇಮಿನ ಮಕ್ಕಳನ್ನು ಕೊಲ್ಲಿಸಿದ ಭಾಗವನ್ನು ಕೇಳಿ ನನ್ನ ಏಳು ವರ್ಷದ ಮಗ ರಾತ್ರಿ ನಿದ್ದೆ ಮಾಡಲಿಲ್ಲ. ಆ ಭಾಗವನ್ನು ಬಿಟ್ಟುಬಿಡಬಹುದೇ?
— ತಂದೆ, ಚಿಕ್ಕಮಗಳೂರು

ಉತ್ತರ: ಹಬ್ಬದ ಪಾಠ ಹನ್ನೆರಡನೆಯ ವಚನಕ್ಕೆ, ಜ್ಞಾನಿಗಳು ಬೇರೆ ದಾರಿ ಹಿಡಿದು ತಮ್ಮ ದೇಶಕ್ಕೆ ಮರಳಿದರೆಂಬಲ್ಲಿಗೆ ಮುಗಿಯುತ್ತದೆ, ಶಿಶುಹತ್ಯೆಯ ಮಾತು ಬರುವುದು ಹದಿನಾರನೆಯ ವಚನದಲ್ಲಿ, ಅದನ್ನು ಸಭೆ ನೆನೆಯುವ ದಿನವೂ ಬೇರೆ, ಡಿಸೆಂಬರ್ 28. ಆದ್ದರಿಂದ ಏಳರ ಮಗುವಿಗೆ ಹನ್ನೆರಡಕ್ಕೆ ನಿಲ್ಲಿಸುವುದರಲ್ಲಿ ಯಾವ ಮೋಸವೂ ಇಲ್ಲ. ಆದರೆ ಹೆರೋದನನ್ನೇ ಕಥೆಯಿಂದ ತೆಗೆಯಬೇಡಿ. ಒಂದು ಕೂಸಿಗೆ ಹೆದರಿದ ಅರಸನಿಲ್ಲದಿದ್ದರೆ ಜ್ಞಾನಿಗಳು ದಾರಿ ಬದಲಿಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಈಗಾಗಲೇ ಕೇಳಿ ಹೆದರಿರುವ ಮಗನ ವಿಷಯ ಬೇರೆ. ಅವನ ಭಯಕ್ಕೆ ಕಾರಣವಿದೆ, ಅದೆಲ್ಲ ಏನೂ ಇಲ್ಲ ಎನ್ನಬೇಡಿ. ನೆಲದ ಮೇಲೆ ದೊಡ್ಡ ಕಂದು ಕಾಗದ ಹಾಸಿ ಇಬ್ಬರೂ ಸೇರಿ ಭೂಪಟ ಬರೆಯಿರಿ: ಜೆರುಸಲೇಮಿನ ಅರಮನೆ, ಅಲ್ಲಿಂದ ಸುಮಾರು ಒಂಬತ್ತು ಕಿಲೋಮೀಟರ್ ದಕ್ಷಿಣಕ್ಕೆ ಬೆತ್ಲೆಹೇಮ್, ಮೂಡಣಕ್ಕೆ ಮರಳುವ ಜ್ಞಾನಿಗಳ ಬೇರೆ ದಾರಿ, ಪಶ್ಚಿಮಕ್ಕೆ ಈಜಿಪ್ಟಿನತ್ತ ಜೋಸೆಫ್ ಮತ್ತು ಮರಿಯ ಕೂಸನ್ನೆತ್ತಿಕೊಂಡು ರಾತ್ರಿಯಲ್ಲಿ ಹೊರಟ ದಾರಿ. ಮಗ ತನ್ನ ಬೆರಳಿನಿಂದ ಆ ಕುಟುಂಬವನ್ನು ಗಡಿ ದಾಟಿಸಲಿ. ಹೆರೋದನು ಸತ್ತ ಮೇಲೆ ಅವರು ನಜರೇತಿಗೆ ಬಂದು ನೆಲೆಸಿದ್ದನ್ನೂ ಗುರುತಿಸಲಿ. ಉಳಿದ ಮಕ್ಕಳ ಗತಿಯೇನಾಯಿತು ಎಂದು ಅವನು ಕೇಳಿದರೆ ಅವರಿಗಾಗಿ ಒಂದು ದೀಪ ಹಚ್ಚಿ ಪ್ರಾರ್ಥಿಸಿ, ಅದಕ್ಕೆ ವಿವರಣೆ ಕಟ್ಟಲು ಹೋಗಬೇಡಿ.

ಪ್ರಶ್ನೆ: ಈ ಹಬ್ಬಕ್ಕೆ ಕೇಕಿನಲ್ಲಿ ಕಾಳು ಅಡಗಿಸಿ ಇಡುವ ಪದ್ಧತಿಯ ಬಗ್ಗೆ ಓದಿದೆ. ನಮ್ಮಲ್ಲಿ ಮಾಡಬಹುದೇ? ಇನ್ನೊಂದು, ಗೋದಲಿಯನ್ನು ಯಾವಾಗ ತೆಗೆಯಬೇಕು?
— ಓದುಗರು, ಶಿವಮೊಗ್ಗ

ಉತ್ತರ: ಅದು ಫ್ರಾನ್ಸಿನ ಪದ್ಧತಿ; ಸ್ಪೇನ್ ಮತ್ತು ಮೆಕ್ಸಿಕೊಗಳಲ್ಲಿ ಉಂಗುರದಾಕಾರದ ಸಿಹಿ ಬ್ರೆಡ್ಡಿನಲ್ಲಿ ಇದೇ ಆಟ ನಡೆಯುತ್ತದೆ. ಫ್ರಾನ್ಸಿನಲ್ಲಿ ಮನೆಯ ಅತಿ ಕಿರಿಯ ಮಗು ಮೇಜಿನ ಕೆಳಗೆ ಕುಳಿತು ಯಾವ ತುಂಡು ಯಾರಿಗೆಂದು ಕೂಗಿ ಹೇಳುತ್ತದೆ, ಕಾಳು ಸಿಕ್ಕವರಿಗೆ ಆ ದಿನದ ಕಿರೀಟ. ಮೆಕ್ಸಿಕೊದಲ್ಲಿ ಅಡಗಿಸುವುದು ಬಾಲಯೇಸುವಿನ ಪುಟ್ಟ ಗೊಂಬೆಯನ್ನು. ಅದು ಸಿಕ್ಕವರು ಫೆಬ್ರವರಿ 2ರ ಹಬ್ಬಕ್ಕೆ ಎಲ್ಲರಿಗೂ ಊಟ ಹಾಕಬೇಕು. ಈ ಎರಡನೆಯ ಕ್ರಮವೇ ನನಗೆ ಹೆಚ್ಚು ಇಷ್ಟ, ಏಕೆಂದರೆ ರಾಜನಾದವನ ಮೇಲೆ ಉಣಿಸುವ ಹೊಣೆಯೂ ಬೀಳುತ್ತದೆ.

ಜನವರಿ ಎಂದರೆ ನಮ್ಮಲ್ಲಿ ಅವರೆಕಾಯಿಯ ಕಾಲ. ಚೆನ್ನಾಗಿ ಬೇಯಿಸಿದ ಒಂದು ಅವರೆಕಾಳನ್ನು ರವೆ ಕೇಕಿನಲ್ಲಿಯೋ ಮನೆಯ ಇಡ್ಲಿಯಲ್ಲಿಯೋ ಅಡಗಿಸಿ. ಗೊಂಬೆ, ನಾಣ್ಯ, ಮಣಿ ಬೇಡವೇ ಬೇಡ. ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮೂರು ವರ್ಷದೊಳಗಿನ ಮಗುವಿನ ತುಂಡನ್ನು ಮೊದಲು ನೀವೇ ಬಿಡಿಸಿ ನೋಡಿ. ಕಾಳು ಸಿಕ್ಕ ಮಗು ಆ ದಿನ ರಾತ್ರಿ ಎಲ್ಲರಿಗೂ ಬಡಿಸಲಿ, ಪ್ರಾರ್ಥನೆಯನ್ನೂ ಅದೇ ಮುನ್ನಡೆಸಲಿ. ಬಲಿಪೂಜೆಯಲ್ಲಿ ಈ ಹಬ್ಬದಂದು ಆ ವರ್ಷದ ಈಸ್ಟರ್ ಮತ್ತಿತರ ಹಬ್ಬಗಳ ದಿನಾಂಕವನ್ನು ಸಾರುವ ಪ್ರಾಚೀನ ಪದ್ಧತಿಯೊಂದಿದೆ. ಊಟದ ನಂತರ ಆ ಮಗುವೇ ಎದ್ದುನಿಂತು, 2026ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 18, ಈಸ್ಟರ್ ಏಪ್ರಿಲ್ 5 ಎಂದು ಮನೆಯವರಿಗೆಲ್ಲ ಸಾರಿ, ಕ್ಯಾಲೆಂಡರಿನಲ್ಲಿ ಬಣ್ಣದ ಗುರುತು ಹಾಕಬಹುದು.

ಗೋದಲಿಯನ್ನು ಜನವರಿ 6ರ ನಂತರ ತೆಗೆಯುವವರೇ ಹೆಚ್ಚು. ಕಥೋಲಿಕ ಪಂಚಾಂಗದ ಪ್ರಕಾರ ಕ್ರಿಸ್‌ಮಸ್ ಕಾಲ ಮುಗಿಯುವುದು ಯೇಸುವಿನ ದೀಕ್ಷಾಸ್ನಾನದ ಹಬ್ಬದಂದು, ಅದು ಸಾಮಾನ್ಯವಾಗಿ ರಾಯರ ಹಬ್ಬದ ಮುಂದಿನ ಭಾನುವಾರ, ಅಲ್ಲಿಯವರೆಗೂ ಇಡಬಹುದು. ಡಿಸೆಂಬರ್ 26ರಂದೇ ಎಲ್ಲವನ್ನೂ ಬಿಚ್ಚಿ ಅಟ್ಟಕ್ಕೆ ಹಾಕುವ ಆತುರ ಮಾತ್ರ ಬೇಡ, ರಾಯರು ಆಗಿನ್ನೂ ದಾರಿಯಲ್ಲಿರುತ್ತಾರೆ. ಗೋದಲಿಯ ಹಸಿರಿಗೆಂದು ತಟ್ಟೆಯಲ್ಲಿ ಬಿತ್ತಿದ ರಾಗಿಪೈರು ಅಷ್ಟರಲ್ಲಿ ಹಳದಿಗೆ ತಿರುಗಿರುತ್ತದೆ. ಪೋರ್ಟೊರಿಕೊದ ಮಕ್ಕಳು ಜನವರಿ 5ರ ರಾತ್ರಿ ರಾಯರ ಒಂಟೆಗಳಿಗೆಂದು ಪೆಟ್ಟಿಗೆಯಲ್ಲಿ ಹುಲ್ಲು ತುಂಬಿಸಿ ಹಾಸಿಗೆಯ ಕೆಳಗೆ ಇಡುತ್ತಾರೆ. ನಿಮ್ಮ ಮಕ್ಕಳು ಆ ಪೈರನ್ನು ಕೊಯ್ದು ಬೀದಿಯ ಹಸುವಿಗೆ ತಿನ್ನಿಸಲಿ. ನಕ್ಷತ್ರದ ಬಿದಿರಿನ ಚೌಕಟ್ಟನ್ನು ಎಸೆಯಬೇಡಿ. ಕಾಗದ ಹರಿದು ತೆಗೆದು, ಗೆದ್ದಲು ಹಿಡಿಯದಂತೆ ಒಣಜಾಗದಲ್ಲಿ ತೂಗುಹಾಕಿದರೆ ನಾಲ್ಕೈದು ವರ್ಷ ಬರುತ್ತದೆ, ಪ್ರತಿವರ್ಷ ಹೊಸ ಕಾಗದ ಅಂಟಿಸಿದರಾಯಿತು.